ದಮ್ಮು ಕಟ್ಟುವ ಕಾಯಿಲೆ ಮತ್ತು ನಮ್ಮ ಒಲೆ



ಶ್ವಾಸಕೋಶದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವುದು ನಮಗೆಲ್ಲ ಗೊತ್ತುಂಟು. ಅದೇ ಶ್ವಾಸನಾಳಕ್ಕೆ ಇಪ್ಪತ್ತು ಮೂವತ್ತು ವರ್ಷ ಹೊಗೆ, ಧೂಳು ಹೋದರೆ ಒಳಗೋಡೆ ಬಾತು ದಾರಿ ಇಕ್ಕಟ್ಟಾಗುತ್ತದೆ, ಕಫ ತುಂಬುತ್ತದೆ. ತುದಿಯಲ್ಲಿರುವ ಗಾಳಿಗೂಡುಗಳು ಹಾಳಾಗುತ್ತವೆ. ಒಳಗೆ ಹೋದ ಗಾಳಿ ಪೂರಾ ಹೊರಗೆ ಬರುವುದಿಲ್ಲ. ಇದೇ ಸಿಓಪಿಡಿ. ಊರಿನಲ್ಲಿ ಇದಕ್ಕೂ ಅಸ್ತಮಾಕ್ಕೂ 'ದಮ್ಮು' ಎಂದು ಒಂದೇ ಹೆಸರು. ಆದರೆ ಅಸ್ತಮಾ ಬಂದು ಹೋಗುತ್ತಾ ಇರುತ್ತದೆ. ಇದು ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಬಂದು ಕೂತುಬಿಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಇದರಿಂದ ಸುಮಾರು 35 ಲಕ್ಷ ಜನ ಸತ್ತರು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ರೋಗಿಗಳಿಗೆ ಧೂಮಪಾನವೇ ಕಾರಣ. ನಮ್ಮಂಥ ದೇಶಗಳಲ್ಲಿ ಅದು 30ರಿಂದ 40 ಮಾತ್ರ. ಮತ್ತೆ ಉಳಿದವರಿಗೆ? ಹೆಚ್ಚಾಗಿ ಒಲೆಯ ಹೊಗೆ, ಕೆಲಸದ ಧೂಳು. ಕಾರ್ಕಳದ ಕಡೆ ಕಲ್ಲು ಕೆತ್ತುವವರಿಗೆ, ಕ್ರಷರಿನಲ್ಲಿ ದುಡಿಯುವವರಿಗೆ ಕಲ್ಲಿನ ಧೂಳು. (1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದರಲ್ಲ, ಅದನ್ನು ಕೆತ್ತಿದವರು ಎಷ್ಟು ಕೆಮ್ಮಿರಬಹುದು ಎಂದು ನನಗೆ ಯೋಚನೆ ಬರುತ್ತದೆ.)

ಕಾಪುವಿನ ಹತ್ತಿರ ಇರುವ ನಮ್ಮ ಅಜ್ಜಿ ಬೀಡಿ ಕಟ್ಟಿದವರೇ ಹೊರತು ಒಂದನ್ನೂ ಸೇದಿದವರಲ್ಲ. ಆದರೆ ಮಡಲು, ಗೆರಟೆ, ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಅಡುಗೆ ಮಾಡಿದವರು. ಎರಡು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದರು. "ಪ್ರಾಯ ಆಯ್ತು ಮಗಾ" ಎನ್ನುತ್ತಿದ್ದರು. ಪ್ರಾಯವಲ್ಲ, ಕಾಯಿಲೆ ಎಂದು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಗೊತ್ತಾಯಿತು. ಅಲ್ಲಿ ಸ್ಪೈರೋಮೀಟರಿಗೆ ಊದಿಸಿದರು. ಆ ಯಂತ್ರವನ್ನು ಹಚಿನ್ಸನ್ ಎಂಬ ಇಂಗ್ಲೆಂಡಿನ ವೈದ್ಯರು 1846ರಲ್ಲೇ ಲೋಕಕ್ಕೆ ತಿಳಿಸಿದ್ದರು. ಔಷಧಿ ಕೊಟ್ಟ ಮೇಲೂ ಊದಿದ ಗಾಳಿಯ ನೂರರಲ್ಲಿ 70 ಪಾಲು ಮೊದಲ ಸೆಕೆಂಡಿನಲ್ಲೇ ಹೊರಬರದಿದ್ದರೆ ದಾರಿ ಇಕ್ಕಟ್ಟಾಗಿದೆ ಎಂದು ಅರ್ಥ. ಎಕ್ಸ್‌ರೇ ಮಾತ್ರ ಸಾಲದು.

ಇನ್‌ಹೇಲರ್ ಕೊಟ್ಟರು. ನೆರೆಮನೆಯವರು "ಪಂಪು ಅಭ್ಯಾಸ ಆದ್ರೆ ಬಿಡ್ಲಿಕ್ಕೆ ಆಗುದಿಲ್ಲ, ಗುಳಿಗೆಯೇ ಒಳ್ಳೇದು" ಎಂದರು. ಅಜ್ಜಿ ಅದನ್ನು ಕಪಾಟಿನಲ್ಲಿಟ್ಟರು. ಗೆಳೆಯರೇ, ಇದು ಲೆಕ್ಕದ ವಿಷಯ. ಸಾಲ್ಬುಟಮಾಲ್ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಅದೇ ಔಷಧಿಯ 4 ಮಿಲಿಗ್ರಾಂ ಗುಳಿಗೆ ಎಂದರೆ 4000 ಮೈಕ್ರೋಗ್ರಾಂ, 40 ಪಟ್ಟು! ಗುಳಿಗೆ ಹೊಟ್ಟೆಯಿಂದ ರಕ್ತಕ್ಕೆ ಹೋಗಿ ಮೈಯೆಲ್ಲ ತಿರುಗುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಪಂಪಿನದ್ದು ಬೇಕಾದಲ್ಲಿಗೇ ಹೋಗುತ್ತದೆ. ಈ ಲೆಕ್ಕ ಹೇಳಿದ ಮೇಲೆಯೇ ಅಜ್ಜಿ ಕಪಾಟು ತೆಗೆದದ್ದು.

ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗದವರಿಗೆ ಸ್ಪೇಸರ್ ಎಂಬ ಡಬ್ಬಿ ಉಂಟು. ದಕ್ಷಿಣ ಆಫ್ರಿಕದಲ್ಲಿ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ತೂತು ಮಾಡಿ ಅದನ್ನೇ ಸ್ಪೇಸರ್ ಮಾಡಿದರು. ಅಸ್ತಮಾದ ಮಕ್ಕಳಿಗೆ ಅದು ಅಂಗಡಿಯದ್ದರಷ್ಟೇ ಕೆಲಸ ಮಾಡಿತೆಂದು 1999ರಲ್ಲಿ ಪ್ರಕಟವಾಯಿತು. ಹಣವಿಲ್ಲದವರಿಗೆ ಇದು ದೊಡ್ಡ ಸಂಗತಿ. ಆದರೆ ಡಾಕ್ಟ್ರನ್ನು ಕೇಳದೆ ಮಾಡಬೇಡಿ.

ಹಾಳಾದ ಗಾಳಿಗೂಡು ಪುನಃ ಸರಿಯಾಗುವುದಿಲ್ಲ. ಆದರೂ ವ್ಯಾಯಾಮದಿಂದ ದಮ್ಮು ಕಡಿಮೆಯಾಗುತ್ತದೆ. ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ಬಿಸಿ ಗಂಜಿ ಊದುವ ಹಾಗೆ ತುಟಿ ಚೂಪು ಮಾಡಿ ನಾಲ್ಕು ಎಣಿಸುವಷ್ಟು ನಿಧಾನ ಬಿಡಬೇಕು. ದಿನಾ ನಡೆಯಬೇಕು. ಅಜ್ಜಿ ಈಗ ಬಾವಿಯ ತನಕ ಹೋಗಿ ಬರುತ್ತಾರೆ.

ಅಡುಗೆಗೆ ಗ್ಯಾಸ್ ಬಂದಿದೆ. ಬಚ್ಚಲಿನ ಹಂಡೆಗೆ ಮಾತ್ರ ಇನ್ನೂ ಸೌದೆಯೇ. ಅದನ್ನು ಅಪ್ಪ, ಅಜ್ಜಿ ಏಳುವ ಮೊದಲು ಬಾಗಿಲು ತೆರೆದಿಟ್ಟು ಉರಿಸುತ್ತಾರೆ.