ಮಗನ ಬ್ಯಾಗು, ಅಪ್ಪನ ಚೀಟಿ

ಪ್ರಶ್ನೆ: ನಾನು ದೊಡ್ಡಬಳ್ಳಾಪುರದವನು. ಮನೆಗೆ ಸೇರಿದಂತೆಯೇ ನಾಲ್ಕು ವಿದ್ಯುತ್ ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತೇನೆ. ಒಬ್ಬನೇ ಮಗ, ವಯಸ್ಸು 26, ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಭಾನುವಾರ ಬಂತೆಂದರೆ ಮಾಕಳಿದುರ್ಗ, ಶಿವಗಂಗೆ, ನಂದಿ ಅಂತ ಗೆಳೆಯರ ಜೊತೆ ಬೆಟ್ಟ ಹತ್ತುವ ಹುಚ್ಚು. ಅದಕ್ಕೆ ನಾವು ಯಾವತ್ತೂ ಅಡ್ಡಿ ಮಾಡಿಲ್ಲ. ಈಗ ಡಿಸೆಂಬರ್ ಕೊನೆಯ ವಾರ ಉತ್ತರಾಖಂಡದ ಕೇದಾರಕಂಠ ಎಂಬ ಹಿಮದ ಬೆಟ್ಟಕ್ಕೆ ಹೊರಟಿದ್ದಾನೆ. ಐದು ಜನ ಹುಡುಗರು, ಒಬ್ಬರೂ ಹಿಮ ಕಂಡವರಲ್ಲ. 2024ರಲ್ಲಿ ನಮ್ಮ ಕಡೆಯವರು ಅಲ್ಲೇ ಎಲ್ಲೋ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ ಸುದ್ದಿ ನೆನೆಸಿಕೊಂಡು ನನ್ನ ಹೆಂಡತಿಗೆ ನಿದ್ದೆ ಹತ್ತುತ್ತಿಲ್ಲ. ಬ್ಯಾಗಿಗೆ ಏನೇನು ಹಾಕಿಕೊಂಡೆ ಎಂದು ಕೇಳಿದರೆ, ‘ಎಲ್ಲಾ ಅವರೇ ಕೊಡ್ತಾರಪ್ಪ, ಸಾಮಾನು ಹೇಸರಗತ್ತೆ ಹೊರುತ್ತೆ’ ಅನ್ನುತ್ತಾನೆ. ಹೋಗಕೂಡದು ಎಂದುಬಿಡಲೇ? ಹಾಗಂದರೆ ಹೇಳದೆ ಕೇಳದೆ ಹೊರಟುಬಿಟ್ಟಾನು ಎಂಬ ಭಯವೂ ಇದೆ. ಅಮೆರಿಕದಲ್ಲಿರುವ ನನ್ನ ಭಾಮೈದ ಉಪಗ್ರಹದ ಮೂಲಕ ಸಂದೇಶ ಕಳಿಸುವ ಒಂದು ಸಣ್ಣ ಯಂತ್ರ ತಂದುಕೊಡುತ್ತೇನೆ ಅಂದಿದ್ದಾನೆ. ತರಿಸಬಹುದೇ?
– ಒಬ್ಬ ತಂದೆ, ದೊಡ್ಡಬಳ್ಳಾಪುರ

ಉತ್ತರ: ಹೋಗಕೂಡದು ಅನ್ನಬೇಡಿ. ನಿಮ್ಮ ಕೊನೆಯ ಭಯವೇ ನಿಜವಾದ ಭಯ. ಜಗಳ ಮಾಡಿಕೊಂಡು ಹೊರಟ ಹುಡುಗ ಎಲ್ಲಿಗೆ, ಯಾರ ಜೊತೆ, ಯಾವತ್ತು ವಾಪಸ್ಸು ಎಂದು ಹೇಳಿ ಹೋಗುವುದಿಲ್ಲ. ಹಿಮದಲ್ಲಿ ಹೆಚ್ಚುಕಡಿಮೆಯಾದಾಗ ಹುಡುಕಲು ಹೊರಟವರು ಮೊದಲು ಕೇಳುವುದು ಈ ಮೂರೇ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಕೈಯಲ್ಲಿರಬೇಕು. ಮಗನನ್ನು ತಡೆಯುವುದಕ್ಕಿಂತ ಅವನ ತಯಾರಿಯಲ್ಲಿ ಕೈ ಹಾಕುವುದು ಮೇಲು. ಅದು ನಿಮ್ಮಿಂದ ಆಗುವ ಕೆಲಸವೇ.

ನಿಮ್ಮ ಮನೆಯವರು ನೆನೆಯುತ್ತಿರುವುದು ಸಹಸ್ರತಾಲ ಸರೋವರದ ಚಾರಣದಲ್ಲಾದ ದುರಂತವನ್ನು. ಅದೂ ಕೇದಾರಕಂಠ ಇರುವ ಉತ್ತರಕಾಶಿ ಜಿಲ್ಲೆಯ ಕಡೆಯಿಂದಲೇ ಹತ್ತುವ ಚಾರಣ. ಹೆಚ್ಚಿನವರು ಕರ್ನಾಟಕದವರೇ ಇದ್ದ, ಮಾರ್ಗದರ್ಶಕರೂ ಸೇರಿ 22 ಮಂದಿಯ ತಂಡ. 2024ರ ಜೂನ್ 3ರಂದು ಸರೋವರ ನೋಡಿ ಇಳಿಯುವಾಗ ಹಿಮಗಾಳಿ ಎದ್ದಿತು. 14 ಸಾವಿರ ಅಡಿ ಎತ್ತರ, ಮುಂದೆ ದಾರಿ ಕಾಣದು, ಡೇರೆ ಇದ್ದದ್ದು ಕೆಳಗಿನ ಶಿಬಿರದಲ್ಲಿ. ರಾತ್ರಿ ಬಯಲಲ್ಲೇ ಕಳೆಯಬೇಕಾಯಿತು. ಹೆಲಿಕಾಪ್ಟರ್ ತಲುಪಿದ್ದು 5ನೇ ತಾರೀಕು. ಒಂಬತ್ತು ಮಂದಿ ಮನೆಗೆ ಬರಲಿಲ್ಲ. ಅವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಬೆಟ್ಟ ಹತ್ತಿ ಪಳಗಿದವರು. ಅವರು ಹಾಗೆ ಮಾಡಬೇಕಿತ್ತು, ಹೀಗೆ ಮಾಡಬೇಕಿತ್ತು ಎಂದು ಬೆಚ್ಚಗೆ ಕೂತು ಹೇಳುವ ಮನಸ್ಸು ನನಗಿಲ್ಲ. ನಿಮ್ಮ ಮಗ ಇದರಿಂದ ತಿಳಿಯಬೇಕಾದ್ದು ಇಷ್ಟೇ: ಶಿಬಿರದಲ್ಲಿ ಬಿಟ್ಟು ಬಂದ ಸಾಮಾನು ದಾರಿಯಲ್ಲಿ ಸಿಕ್ಕಿಕೊಂಡವನ ಕೈಗೆ ಎಟಕುವುದಿಲ್ಲ.

ನಮ್ಮ ಬೆಟ್ಟಗಳ ಅಭ್ಯಾಸವೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. 2022ರ ಫೆಬ್ರುವರಿಯಲ್ಲಿ ನಂದಿಯ ಬ್ರಹ್ಮಗಿರಿಯಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿ ಬಂಡೆಯಂಚಿನಲ್ಲಿ ಸಿಕ್ಕಿಕೊಂಡಿದ್ದ. ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದು ಅವತ್ತೇ ಎತ್ತಿಕೊಂಡು ಹೋಯಿತು. ಮಾಕಳಿದುರ್ಗದಲ್ಲಿ ಕಾಲು ಉಳುಕಿದರೂ ಕೆಳಗೆ ರೈಲು ನಿಲ್ದಾಣ ಇದೆ, ಕೂಗಿದರೆ ಯಾರಾದರೂ ಬರುತ್ತಾರೆ. ಹಿಮಾಲಯದಲ್ಲಿ ಮೋಡ ಕವಿದರೆ ಹೆಲಿಕಾಪ್ಟರ್ ಹಾರುವುದೇ ಇಲ್ಲ. ನೆರವು ಬರುವವರೆಗೆ ಒಂದು ರಾತ್ರಿ, ಕೆಲವೊಮ್ಮೆ ಎರಡು ರಾತ್ರಿ, ಮೈಮೇಲಿರುವುದರಲ್ಲೇ ಬದುಕಬೇಕು.

ಅದಕ್ಕೇ ಆ ಹೇಸರಗತ್ತೆಯ ಮಾತು ನನಗೆ ಹಿಡಿಸಲಿಲ್ಲ. ಕೆನಡಾ, ಅಲಾಸ್ಕಾಗಳಲ್ಲಿ ಸ್ನೋಮೊಬೈಲ್ ಎಂಬ ಹಿಮದ ಬೈಕು ಹತ್ತಿ ಊರು ಬಿಟ್ಟು ದೂರದ ಕಣಿವೆಗಳಿಗೆ ಹೋಗುವವರಿದ್ದಾರೆ. ಆ ಗಾಡಿಯಲ್ಲಿ ಬೇಕಾದಷ್ಟು ಸಾಮಾನು ತುಂಬಬಹುದು. ಆದರೂ ಪಳಗಿದ ಸವಾರರು ಪ್ರಾಣ ಉಳಿಸುವ ವಸ್ತುಗಳನ್ನು ಗಾಡಿಗೆ ಕಟ್ಟುವುದಿಲ್ಲ. ಹಿಮದಲ್ಲಿ ಹೂತವರನ್ನು ಪತ್ತೆ ಹಚ್ಚುವ ಯಂತ್ರ ಎದೆಗೆ ಕಟ್ಟಿರುತ್ತದೆ. ಸಲಿಕೆ, ಹಿಮ ಚುಚ್ಚಿ ನೋಡುವ ಉದ್ದನೆಯ ಕೋಲು ಬೆನ್ನಿನ ಮೇಲಿರುತ್ತವೆ. ಗಾಡಿ ಕೆಡಬಹುದು, ಹಿಮದಡಿ ಹೂತುಹೋಗಬಹುದು, ಸವಾರ ಒಂದು ಕಡೆ ಗಾಡಿ ಒಂದು ಕಡೆ ಆಗಬಹುದು. ಕೇದಾರಕಂಠದಲ್ಲಿ ಆ ಗಾಡಿಯ ಜಾಗದಲ್ಲಿ ಹೇಸರಗತ್ತೆ ಇದೆ. ಸುಮಾರು 12,500 ಅಡಿಯ ಆ ತುದಿಗೆ ನಸುಕಿನ ಮೂರು ಗಂಟೆಗೆಲ್ಲ ಹೊರಡುತ್ತಾರೆ. ಅವತ್ತು ದೊಡ್ಡ ಬ್ಯಾಗುಗಳೆಲ್ಲ ಡೇರೆಯಲ್ಲೇ ಉಳಿಯುತ್ತವೆ. ಎಲ್ಲಕ್ಕಿಂತ ಅಪಾಯದ ದಿನವೇ ಹುಡುಗರು ನೀರಿನ ಬಾಟಲಿ, ಮೊಬೈಲು ಹಿಡಿದು ಬರಿಗೈಯಲ್ಲಿ ಹೊರಡುವುದು.

ಹಾಗಾಗಿ ಅವನಿಗೆ ಎರಡು ಬ್ಯಾಗು ಬೇಕು. ದೊಡ್ಡದನ್ನು ಹೇಸರಗತ್ತೆ ಹೊರಲಿ. ಇಪ್ಪತ್ತು ಲೀಟರಿನ ಸಣ್ಣದು ಅವನ ಬೆನ್ನಿನಿಂದ ಇಳಿಯಕೂಡದು.

ಆ ಸಣ್ಣ ಬ್ಯಾಗನ್ನು ನಡುಮನೆಯಲ್ಲಿ ಚಾಪೆ ಹಾಸಿ ಅಪ್ಪ ಮಗ ಇಬ್ಬರೂ ಕೂತು ತುಂಬಿ. ಒಳಗೆ ಮೊದಲು ದಪ್ಪನೆಯ ಪ್ಲಾಸ್ಟಿಕ್ ಚೀಲ, ಉಳಿದದ್ದೆಲ್ಲ ಅದರೊಳಗೆ. ತಳದಲ್ಲಿ ಬೆಳ್ಳಿ ಬಣ್ಣದ ಹಾಳೆಯ ತುರ್ತು ಮಲಗುಚೀಲ. ಚೀಲದ ಆಕಾರದ್ದನ್ನೇ ಕೊಳ್ಳಿ. ಬರೀ ಹಾಳೆ ಗಾಳಿಗೆ ನಿಲ್ಲುವುದಿಲ್ಲ. ಅದರ ಮೇಲೆ ಒಂದು ಜೊತೆ ಒಣ ಕಾಲುಚೀಲ, ಒಂದು ಜೊತೆ ಕೈಗವಸು, ಉಣ್ಣೆಯ ಟೋಪಿ, ಬಿಗಿಯಾಗಿ ಕಟ್ಟಿ. ತಲೆಗೆ ಕಟ್ಟುವ ಟಾರ್ಚು ಮತ್ತು ಬೇರೆ ಬ್ಯಾಟರಿ. ಕೂರಲು ಎರಡು ಅಂಗೈ ಅಗಲದ ಫೋಮ್ ತುಂಡು. ಮೇಲಿನ ಗಾಳಿಯ ಹಾಗೆಯೇ ಕೆಳಗಿನ ಹಿಮವೂ ಮೈಯ ಕಾವನ್ನು ಹೀರುತ್ತದೆ. ರಾತ್ರಿ ಕಳೆಯಲೇಬೇಕಾಗಿ ಬಂದರೆ ಫೋಮಿನ ಮೇಲೆ ಕೂತು, ಖಾಲಿ ಬ್ಯಾಗಿನೊಳಗೆ ಎರಡೂ ಕಾಲು ತೂರಿಸಿ, ಐವರೂ ಒತ್ತೊತ್ತಾಗಿ ಕೂರಬೇಕು. ಸೀಟಿ ಬ್ಯಾಗಿನ ಎದೆಪಟ್ಟಿಗೆ ಕಟ್ಟಿರಲಿ. ಒಂದು ನಿಮಿಷದಲ್ಲಿ ಆರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದಿದರೆ ಅದು ಆಪತ್ತಿನ ಕರೆ, ಪರ್ವತ ಹತ್ತುವವರಿಗೆ ಗೊತ್ತಿರುವ ಸಂಕೇತ. ಹಿಮದ ಬೆಳಕು ಕಣ್ಣು ಸುಡುತ್ತದೆ, ಕಪ್ಪು ಕನ್ನಡಕ ಮರೆಯಬಾರದು.

ತಿನ್ನಲು ಏನು ಎಂಬುದನ್ನು ಅವನ ತಾಯಿಗೆ ಬಿಡಿ. ಕಡಲೆಮಿಠಾಯಿಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ: ಎಣ್ಣೆಯ ಅಂಶ, ಬೆಲ್ಲ ಎರಡೂ ಇವೆ, ಅಡುಗೆ ಬೇಡ. ಮೊದಲೇ ಚೂರು ಮಾಡಿ ಕೊಡಲಿ, ಚಳಿಗೆ ಅದು ಕಲ್ಲಾಗುತ್ತದೆ. ನೀರಿಗೆ ಸ್ಟೀಲಿನ ಫ್ಲಾಸ್ಕು. ಬೆಂಕಿಪೊಟ್ಟಣ, ಲೈಟರುಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಡೆಹ್ರಾಡೂನಿನಲ್ಲಿ ಕೊಳ್ಳಲಿ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು. ಡೇರೆಯೊಳಗೆ ಮಾತ್ರ ಒಲೆ, ಕೆಂಡ ಯಾವುದನ್ನೂ ಹಚ್ಚಕೂಡದು. ಮುಚ್ಚಿದ ಜಾಗದಲ್ಲಿ ತುಂಬುವ ವಿಷಗಾಳಿಗೆ ನಿದ್ದೆಯಲ್ಲೇ ಜೀವ ಹೋಗುತ್ತದೆ.

ಬಟ್ಟೆಯ ವಿಷಯಕ್ಕೆ ಬಂದರೆ ಆ ಮನೆಯಲ್ಲಿ ನಿಮಗಿಂತ ಬಲ್ಲವರಿಲ್ಲ. ಹತ್ತಿ ನೀರು ಹೀರಿಕೊಂಡರೆ ಬೇಗ ಬಿಡುವುದಿಲ್ಲ, ಪಾಲಿಯೆಸ್ಟರ್ ಹೀರುವುದೇ ಕಮ್ಮಿ, ಉಣ್ಣೆ ಒದ್ದೆಯಾದರೂ ಸ್ವಲ್ಪ ಕಾವು ಉಳಿಸಿಕೊಳ್ಳುತ್ತದೆ. ಹತ್ತುವಾಗ ಬೆವರಿ ಒದ್ದೆಯಾದ ಹತ್ತಿ ಬನಿಯನ್ನು ನಿಂತಾಗ ಮೈಗೆ ತಣ್ಣೀರ ಪಟ್ಟಿಯಂತೆ ಅಂಟಿಕೊಳ್ಳುತ್ತದೆ. ಮೈಗೆ ತಾಗುವುದು ಪಾಲಿಯೆಸ್ಟರ್ ಅಥವಾ ಉಣ್ಣೆ, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್. ಜೀನ್ಸ್ ಪ್ಯಾಂಟು ಊರಲ್ಲೇ ಇರಲಿ. ‘ನನಗೆಲ್ಲ ಗೊತ್ತು’ ಅನ್ನುವ ಮಗ ನೂಲಿನ ವಿಷಯದಲ್ಲಿ ಅಪ್ಪನ ಮಾತು ಕೇಳುತ್ತಾನೆ. ಅವನ ಬಟ್ಟೆಯ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ಓದಿ ನೋಡಿ. ನಿಮ್ಮಿಬ್ಬರ ನಡುವೆ ಮಾತು ಶುರುವಾಗಲು ಇದಕ್ಕಿಂತ ಸಹಜವಾದ ದಾರಿ ನನಗೆ ತೋಚದು.

ತುಂಬಿದ ಮೇಲೆ ಒಂದು ಪರೀಕ್ಷೆ ಮಾಡಿಸಿ. ಬೆಳಗಿನ ಜಾವ ತಾರಸಿಗೆ ಹೋಗಿ, ದೀಪ ಹಾಕದೆ, ಎರಡೂ ಕೈಗೆ ಗವಸು ತೊಟ್ಟು, ಆ ಬ್ಯಾಗು ಬಿಚ್ಚಿ ಟಾರ್ಚು ಹುಡುಕಿ ತಲೆಗೆ ಕಟ್ಟಿಕೊಳ್ಳಲಿ. ಬೆಳ್ಳಿ ಚೀಲ ಬಿಡಿಸಿ ಒಳಗೆ ತೂರಿಕೊಳ್ಳಲಿ. ಜಿಪ್ಪು ಬೆರಳಿಗೆ ಸಿಗುವುದಿಲ್ಲ. ಅದಕ್ಕೊಂದು ದಾರದ ಕುಣಿಕೆ ಕಟ್ಟಬೇಕೆಂದು ಆಗ ತಾನೇ ಕಂಡುಕೊಳ್ಳುತ್ತಾನೆ. ಇದೇ ತೂಕ ಹೊತ್ತು ಮಾಕಳಿದುರ್ಗ ಒಂದೆರಡು ಸಲ ಹತ್ತಿ ಇಳಿಯಲಿ.

ಐವರೂ ಇಷ್ಟು ತಿಳಿದಿರಲಿ. ಚಳಿ ಮಿತಿ ಮೀರಿದಾಗ ಮೊದಲು ನಡುಕ, ಆಮೇಲೆ ಮಾತು ತೊದಲು, ಹೆಜ್ಜೆ ತಪ್ಪುವುದು, ಸುಮ್ಮನೆ ಕೂತುಬಿಡುವುದು. ಹೀಗಾದವನಿಗೆ ತಾನು ಹೀಗಾಗಿದ್ದೇನೆಂದು ತಿಳಿಯುವುದಿಲ್ಲ, ಪಕ್ಕದವನೇ ನೋಡಬೇಕು. ಒದ್ದೆ ಬಟ್ಟೆ ಬಿಡಿಸಿ, ಒಣದು ತೊಡಿಸಿ, ಎಚ್ಚರವಿದ್ದರೆ ಬಿಸಿ ಸಿಹಿನೀರು ಕುಡಿಸಬೇಕು. ಮರಗಟ್ಟಿದ ಬೆರಳನ್ನು ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಚಳಿಗೆ ಬ್ರಾಂದಿ ಒಳ್ಳೆಯದೆಂಬುದು ಶುದ್ಧ ತಪ್ಪು: ಕುಡಿದವನಿಗೆ ಬೆಚ್ಚಗನಿಸುತ್ತದೆ, ಮೈಯ ಕಾವು ಮಾತ್ರ ಇನ್ನೂ ಬೇಗ ಸೋರಿಹೋಗುತ್ತದೆ. ಎತ್ತರಕ್ಕೆ ತಲೆನೋವು, ವಾಂತಿ ಶುರುವಾದರೆ ಮೇಲೆ ಹತ್ತಬಾರದು. ಕಮ್ಮಿಯಾಗದಿದ್ದರೆ, ಹೆಜ್ಜೆ ತೂರಾಡಿದರೆ ಇಳಿಯುವುದೇ ಮದ್ದು. ಎತ್ತರದ ತೊಂದರೆಗೆ ಮಾತ್ರೆಯ ವಿಷಯ ಹೊರಡುವ ಮುಂಚೆ ವೈದ್ಯರನ್ನು ಕೇಳಲಿ.

ಭಾಮೈದನ ಯಂತ್ರ ಬೇಡವೇ ಬೇಡ. ಉಪಗ್ರಹ ಫೋನಾಗಲಿ, ಸಂದೇಶದ ಸಾಧನವಾಗಲಿ, ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಮಹಿಳೆಯೊಬ್ಬರನ್ನು ಪೊಲೀಸರು ವಶಕ್ಕೆ ತೆಗೆದುಕೊಂಡದ್ದು ಇಂಥದ್ದೇ ಸಾಧನಕ್ಕಾಗಿ. ಒಳ್ಳೆಯ ಮನಸ್ಸಿನಿಂದ ತಂದದ್ದು ಭಾಮೈದನಿಗೂ ನಿಮಗೂ ಕೇಸಾಗುವುದು ಬೇಡ. ಮೊಬೈಲನ್ನು ಆಫ್ ಮಾಡಿ ಒಳಜೇಬಿನಲ್ಲಿ ಮೈಗಂಟಿಸಿ ಇಟ್ಟುಕೊಂಡರೆ ಚಳಿಗೆ ಬ್ಯಾಟರಿ ಬೇಗ ಇಳಿಯುವುದಿಲ್ಲ.

ಕರೆದೊಯ್ಯುವ ಸಂಸ್ಥೆಯವರಿಗೆ ದುಡ್ಡು ಪೂರ್ತಿ ಕಟ್ಟುವ ಮೊದಲು ಮಗನಿಂದಲೇ ಎರಡು ಪ್ರಶ್ನೆ ಕೇಳಿಸಿ. ತುದಿಗೆ ಹೋಗುವ ದಿನ ಮಾರ್ಗದರ್ಶಕರ ಬೆನ್ನ ಮೇಲೆ ಏನೇನಿರುತ್ತದೆ? ತುದಿ ಸಿಗದಿದ್ದರೂ ಎಷ್ಟು ಗಂಟೆಗೆ ಹಿಂದಕ್ಕೆ ತಿರುಗುತ್ತೀರಿ? ‘ಅದೆಲ್ಲ ಆಮೇಲೆ ನೋಡಿಕೊಳ್ಳೋಣ’ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಲಿ.

ಇನ್ನು ನಿಮ್ಮ ಪಾಲಿನ ಕೆಲಸ. ಒಂದು ಚೀಟಿ ಬರೆಸಿಕೊಳ್ಳಿ: ಐವರ ಹೆಸರು, ರಕ್ತದ ಗುಂಪು, ಅವರವರ ಮನೆಯ ನಂಬರು, ಸಂಸ್ಥೆಯ ಮತ್ತು ಮಾರ್ಗದರ್ಶಕರ ನಂಬರು, ಯಾವ ರಾತ್ರಿ ಯಾವ ಶಿಬಿರ, ಜಾಕೆಟ್ಟಿನ ಬಣ್ಣ. ಅರಣ್ಯ ಇಲಾಖೆಯ ಅನುಮತಿ ಪತ್ರದ ಫೋಟೊವನ್ನು, ಚಾರಣ ಶುರುವಾಗುವ ಸಾಂಕ್ರಿ ಎಂಬ ಊರಿನಿಂದ ಹತ್ತುವ ಮುಂಚೆ ಕಳಿಸಲಿ. ದೊಡ್ಡಬಳ್ಳಾಪುರದಿಂದ 112 ಒತ್ತಿದರೆ ಕರೆ ಹೋಗುವುದು ಕರ್ನಾಟಕದ ಕೇಂದ್ರಕ್ಕೇ. ಆದ್ದರಿಂದ ಉತ್ತರಕಾಶಿ ಜಿಲ್ಲಾ ತುರ್ತು ಕಾರ್ಯಾಚರಣೆ ಕೇಂದ್ರದ ಮತ್ತು ಆ ಭಾಗದ ಮೋರಿ ಪೊಲೀಸ್ ಠಾಣೆಯ ನಂಬರುಗಳನ್ನು ಎಸ್‌ಟಿಡಿ ಕೋಡ್ ಸಮೇತ ಈಗಲೇ ಬರೆದಿಟ್ಟುಕೊಂಡು, ಒಮ್ಮೆ ಫೋನ್ ಮಾಡಿ ಸರಿಯಿದೆಯೇ ನೋಡಿ. ಹಿಂದಿ ಬಲ್ಲ ನೆಂಟರನ್ನೋ ಪಕ್ಕದ ಮನೆಯವರನ್ನೋ ಆ ವಾರ ಊರಲ್ಲಿರುವಂತೆ ಕೇಳಿಕೊಳ್ಳಿ.

ಕೊನೆಯದಾಗಿ, ಅವನು ಸಾಂಕ್ರಿಗೆ ಇಳಿದು ಫೋನ್ ಮಾಡಬೇಕಾದ ದಿನ, ಗಂಟೆ ಇಬ್ಬರೂ ಸೇರಿ ನಿಗದಿ ಮಾಡಿ. ಇಳಿಯುವುದು ತಡವಾಗುತ್ತದೆ, ಸಿಗ್ನಲ್ ಸಿಗುವುದಿಲ್ಲ, ಆದ್ದರಿಂದ ಅದಕ್ಕೆ ಆರು ಗಂಟೆ ಸೇರಿಸಿ ಚೀಟಿಯ ಕೆಳಗೆ ಬರೆಯಿರಿ. ಆ ಹೊತ್ತಿನವರೆಗೆ ಸುದ್ದಿ ಇಲ್ಲದಿರುವುದು ಸಹಜ ಎಂದು ನಿಮ್ಮ ಮನೆಯವರಿಗೆ ಮೊದಲೇ ತಿಳಿಸಿ ಹೇಳಿ. ಹೊತ್ತು ಮೀರಿದರೆ ಮೊದಲು ಸಂಸ್ಥೆಗೆ ಮಾಡಿ. ಅಲ್ಲಿಂದ ಖಚಿತ ಉತ್ತರ ಬರದಿದ್ದರೆ ಬೆಳಗಾಗಲೆಂದು ಕಾಯದೆ ಉತ್ತರಕಾಶಿಗೆ ಮಾಡಿ.