ಸಸಿಯನ್ನು ಎಳೆದು ಬೆಳೆಸಿದವನು

ಚೀನಾ ದೇಶದಲ್ಲಿ ನಾಲ್ಕೇ ಅಕ್ಷರಗಳ ನಾಣ್ಣುಡಿಯೊಂದುಂಟು: ಯಾ ಮ್ಯಾವ್ ಜು ಜಾಂಗ್. ಸಸಿಯನ್ನು ಮೇಲಕ್ಕೆಳೆದು ಅದರ ಬೆಳವಣಿಗೆಗೆ ನೆರವಾಗುವುದು ಎಂದು ಇದರ ಅರ್ಥವು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿದ್ದ ಮೆನ್ಶಿಯಸ್ ಎಂಬ ಜ್ಞಾನಿಯು ಹೇಳಿದ ಕಥೆಯೇ ಇದಕ್ಕೆ ಮೂಲವು.

ಸುಂಗ್ ರಾಜ್ಯದ ಒಬ್ಬಾತನು ತನ್ನ ಪೈರು ಬೇಗನೆ ಬೆಳೆಯಲಿಲ್ಲವೆಂದು ಚಿಂತಿಸಿ, ಸಸಿಗಳನ್ನು ತುಸುತುಸುವಾಗಿ ಮೇಲಕ್ಕೆಳೆದನು. ಬಳಲಿ ಮನೆಗೆ ಬಂದು, ತಾನು ಪೈರಿಗೆ ನೆರವಾದೆನೆಂದು ಹೇಳಿಕೊಂಡನು. ಮಗನು ಓಡಿಹೋಗಿ ನೋಡಲು, ಎಲ್ಲವೂ ಬಾಡಿಹೋಗಿದ್ದವು.

ಮನಸ್ಸಿನ ಸತ್ತ್ವವನ್ನು ಬೆಳೆಸುವ ಬಗೆಯನ್ನು ಬೋಧಿಸುವಾಗ ಮೆನ್ಶಿಯಸನು ಈ ದೃಷ್ಟಾಂತವನ್ನು ಕೊಟ್ಟನು. ಫಲವಿಲ್ಲವೆಂದು ಬಗೆದು ಸುಮ್ಮನಿರುವವನು ಕಳೆ ಕೀಳದ ಒಕ್ಕಲಿಗನಂತೆ, ಆತುರಪಡುವವನು ಸಸಿಯನ್ನೆಳೆದವನಂತೆ. ಈ ಎರಡನೆಯವನಿಂದ ಪ್ರಯೋಜನವಿಲ್ಲದಿರುವುದು ಮಾತ್ರವಲ್ಲ, ಕೇಡೂ ಉಂಟು.

ವಿದ್ಯಾರ್ಥಿನಿಯರೇ, ಪರೀಕ್ಷೆಯ ಹಿಂದಿನ ರಾತ್ರಿ ಅರ್ಥವರಿಯದೆ ಪುಟಗಟ್ಟಲೆ ಬಾಯಿಪಾಠ ಮಾಡುವುದು ಸಸಿಯನ್ನೆಳೆದಂತೆಯೇ ಸರಿ. ನೆರೆಮನೆಯ ಹುಡುಗಿಗಿಂತ ಹಿಂದುಳಿದಳೆಂದು ಮಗಳನ್ನು ಗದರಿಸುವ ತಾಯಂದಿರೂ, ಪಾಠವನ್ನು ಮುಗಿಸುವ ಅವಸರದಲ್ಲಿರುವ ಉಪಾಧ್ಯಾಯಿನಿಯರೂ ಇದನ್ನು ನೆನೆಯತಕ್ಕದ್ದು. ಆಯಾ ದಿನದ ಪಾಠವನ್ನು ಆಯಾ ದಿನವೇ ತಿಳಿದುಕೊಳ್ಳುವುದೇ ಕಳೆ ಕೀಳುವ ಕೆಲಸವು. ಅದನ್ನು ನಾವು ತಪ್ಪದೆ ಮಾಡೋಣ, ಬೆಳೆಯಿಸುವಾತನು ದೇವರು.