ಎಲ್‌ಎಂಜಿ ಜಾಮ್ ಆಗಿರಲಿಲ್ಲ

ಮಾಜಿ ಸೈನಿಕರು ನಾಲ್ಕು ಜನ ಸೇರಿದರೆ ಸಾಕು, ಚಹಾ ಮುಗಿಯುವುದರೊಳಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಆ ದಿನ ನಿನ್ನ ಎಲ್‌ಎಂಜಿ ಜಾಮ್ ಆಗಿತ್ತಲ್ಲ?" ಆಗಿರಲಿಲ್ಲ. ಕಾಗದದ ಮೇಲೆ ಹಾಗೆ ಬರೆದರು, ಅದೇ ಉಳಿಯಿತು. ಈಗ ನಮ್ಮ ಗೋಕಾಕ ಸೀಮೆಯ ಹುಡುಗರು ಅಗ್ನಿವೀರ್ ಭರ್ತಿಗೆಂದು ನಸುಕಿನಲ್ಲಿ ಓಡುವುದನ್ನು ನೋಡಿ, ಅವರಿಗಾದರೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಹೆಸರಿಗಂಟಿದ ಮಸಿ ತೊಳೆದುಕೊಳ್ಳುವ ಆಸೆಯೂ ಇದೆ, ಮುಚ್ಚಿಡುವುದೇನು.

ಇನ್‌ಫೆಂಟ್ರಿಯ ಸೆಕ್ಷನ್ ಅಂದರೆ ಹತ್ತು ಜನ. ಮೇಲೆ ಸೆಕ್ಷನ್ ಕಮಾಂಡರ್, ಅವನ ಕೈಕೆಳಗೆ ಟೂಐಸಿ, ಅಂದರೆ ಎರಡನೇ ಕಮಾಂಡರ್. ಇಂಥ ಮೂರು ಸೆಕ್ಷನ್ ಸೇರಿ ಒಂದು ಪ್ಲಟೂನ್. ಗುಂಡಿನ ಕೆಲಸ ಶುರುವಾಯಿತೆಂದರೆ ಹತ್ತು ಜನ ಎರಡಾಗುತ್ತಾರೆ: ರೈಫಲ್ ಗ್ರೂಪ್ ಮುಂದೆ ಹೋಗುತ್ತದೆ, ಎಲ್‌ಎಂಜಿ (ಲೈಟ್ ಮಷಿನ್ ಗನ್) ಗ್ರೂಪ್ ಹಿಂದಿನಿಂದ ಫಾಯರ್ ಕೊಡುತ್ತದೆ. ಎಲ್‌ಎಂಜಿ ಇರುವುದು ಬಹಳ ಜನರನ್ನು ಕೊಲ್ಲುವುದಕ್ಕೆ ಎಂದು ಸಿನಿಮಾ ನೋಡಿದವರು ತಿಳಿದಿದ್ದಾರೆ. ಅದರ ಮುಖ್ಯ ಕೆಲಸ ಎದುರಿನವನು ತಲೆ ಎತ್ತದಂತೆ ಮಾಡುವುದು. ಅವನು ತಲೆ ತಗ್ಗಿಸಿದಷ್ಟು ಹೊತ್ತು ಮಾತ್ರ ನಮ್ಮ ಹುಡುಗರು ಬಯಲಲ್ಲಿ ಓಡಬಹುದು.

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಕೈಯಲ್ಲಿದ್ದದ್ದು ಎಸ್‌ಎಲ್‌ಆರ್ ರೈಫಲ್, ಮ್ಯಾಗಜೀನಿಗೆ 20 ಗುಂಡು. ನನ್ನದು ಹಳೆ ಬ್ರೆನ್ ವಂಶದ ಎಲ್‌ಎಂಜಿ, ಮ್ಯಾಗಜೀನಿಗೆ 30. ಎರಡಕ್ಕೂ 7.62ರ ಅದೇ ಗುಂಡು; ಇದನ್ನು ನೆನಪಿಟ್ಟುಕೊಳ್ಳಿ. ಬ್ರೆನ್ ಜಾತಿಯಲ್ಲಿ ಮ್ಯಾಗಜೀನ್ ಕೂರುವುದು ನೆತ್ತಿಯ ಮೇಲೆ. ಗುರಿ ನೋಡಲು ಅದು ಅಡ್ಡ ಬರುವುದರಿಂದ ಸೈಟನ್ನು ಎಡಕ್ಕೆ ಸರಿಸಿರುತ್ತಾರೆ, ಹಾಗಾಗಿ ಎಡಚನಿಗೆ ಈ ಗನ್ ಒಗ್ಗುವುದಿಲ್ಲ. ಗನ್ ಹೊಡೆಯುವ ನಂಬರ್ ಒನ್ ಸೈಟಿನಿಂದ ಕಣ್ಣು ತೆಗೆಯಬಾರದು. ಅವನ ಎಡಕ್ಕೆ ಮಲಗಿದ ನಂಬರ್ ಟೂ ಮ್ಯಾಗಜೀನ್ ಬದಲಿಸಬೇಕು, ಗುಂಡು ಎಲ್ಲಿ ಬೀಳುತ್ತಿದೆ ಹೇಳಬೇಕು, ಎಷ್ಟು ಉಳಿದಿದೆ ಎಂಬ ಲೆಕ್ಕವಿಡಬೇಕು.

ಲೆಕ್ಕ ಅಂದೆನಲ್ಲ, ಇಡೀ ಕಥೆ ಇರುವುದು ಅಲ್ಲೇ. ರ್‍ಯಾಪಿಡ್ ಫಾಯರ್ ಅಂದರೆ ನಿಮಿಷಕ್ಕೆ ನಾಲ್ಕು ಮ್ಯಾಗಜೀನ್. ಅಷ್ಟನ್ನು ಇಬ್ಬರೇ ಹೊತ್ತು ಗುಡ್ಡ ಹತ್ತಲಾಗದು ಎಂದು ರೈಫಲ್‌ಮನ್‌ಗಳ ಪೌಚಿನಲ್ಲೂ ಎಲ್‌ಎಂಜಿಯ ಮ್ಯಾಗಜೀನ್ ಹಂಚಿರುತ್ತಾರೆ. ರೈಫಲ್ ಗ್ರೂಪ್ ಬೇರೆಯಾಗುವ ಮುಂಚೆ ಅವನ್ನು ಇಸಿದುಕೊಳ್ಳಬೇಕು. ನಮ್ಮಲ್ಲಿ ಅದನ್ನು ಮಾಡುತ್ತಿದ್ದವನು ನಂಬರ್ ಟೂ, ಯಾರೂ ಹೇಳದೆಯೇ. ಮುದ್ದೇಬಿಹಾಳ ಕಡೆಯ ಹುಡುಗ. ಸೆಕ್ಷನ್ ಎರಡಾಗುತ್ತದೆ ಎಂಬ ವಾಸನೆ ಹತ್ತಿದ ಕೂಡಲೇ ಒಬ್ಬೊಬ್ಬರ ಮುಂದೆ ಕೈಚೀಲ ಹಿಡಿದು ನಿಲ್ಲುತ್ತಿದ್ದ. "ತಾ ಅಣ್ಣಾ, ನಿನ್ನ ಭಾರ ಇಳಸ್ತೀನಿ" ಅನ್ನುತ್ತಿದ್ದ.

ಅವನಿಗೆ ವಾಲಿಬಾಲ್ ಚೆನ್ನಾಗಿ ಬರುತ್ತಿತ್ತು. ಅದೇ ಮುಳುವಾಯಿತು. ಕುಪ್ವಾರಾ ಕಡೆ ನಮ್ಮ ಕಂಪನಿ ಸುತ್ತುವರಿಯುವ ಕಾರ್ಡನ್‌ಗೆ ಹೊರಡುವ ಹಿಂದಿನ ಸಂಜೆ, ಒಬ್ಬ ಸಾಹೇಬರು ಅವನನ್ನು ಟೂರ್ನಮೆಂಟಿಗೆಂದು ಕೆಳಗೆ ಕಳಿಸಿಬಿಟ್ಟರು. "ಸಾಬ್, ಎಲ್‌ಎಂಜಿ ಜೋಡಿ ಒಡೆಯಬೇಡಿ" ಎಂದೆ. "ನಫರಿ ಪೂರಾ ಇದೆಯಲ್ಲ" ಎಂದರು. ತಲೆ ಎಣಿಸಿದರೆ ಪೂರಾ ಇತ್ತು, ನಿಜ. ಗಳೆ ಹೊಡೆಯುವವನಿಗೆ ಗೊತ್ತಿರುತ್ತದೆ, ಜೋಡಿಯಲ್ಲಿ ಒಂದೆತ್ತು ಬಿಚ್ಚಿ ಇನ್ನೊಂದು ಕಟ್ಟಿದರೆ ಲೆಕ್ಕಕ್ಕೆ ಎರಡೇ ಎತ್ತು, ನೇಗಿಲು ಮಾತ್ರ ಸಾಲು ಬಿಡುತ್ತದೆ. (ಟೂರ್ನಮೆಂಟಿನಲ್ಲಿ ಎರಡನೇ ಸುತ್ತಿಗೇ ಸೋತು ಬಂದರು, ಅದನ್ನೂ ಹೇಳಿಬಿಡುತ್ತೇನೆ.)

ಹೊಸ ನಂಬರ್ ಟೂ ಆಗಿ ಬಂದವನು ಕೊಲ್ಹಾಪುರದ ಹುಡುಗ, ರೈಫಲಿನಲ್ಲಿ ಎತ್ತಿದ ಕೈ. ಬೆಳಗಿನ ಜಾವ ಮೇಲಿನ ಇಳಿಜಾರಿನ ಢೋಕ್ (ಕುರಿಗಾಹಿಗಳ ಗುಡಿಸಲು) ಒಂದರಿಂದ ಗುಂಡು ಬರತೊಡಗಿತು. ಸೆಕ್ಷನ್ ಕಮಾಂಡರ್ ಹವಾಲ್ದಾರರು ಕೈಬೀಸಿದರು: ಎಲ್‌ಎಂಜಿ ಗ್ರೂಪ್ ದಿಬ್ಬಕ್ಕೆ, ರೈಫಲ್ ಗ್ರೂಪ್ ನಾಲಾ ದಾಟಿ ಬಲಕ್ಕೆ. ಎಲ್ಲರೂ ಓಡಿದರು. ಪೌಚುಗಳೂ ಅವರ ಜತೆಗೇ ಓಡಿದವು.

"ಎಲ್‌ಎಂಜಿ ಗ್ರೂಪ್, ದೋ ಸೌ, ಸಾಮ್ನೇ ಢೋಕ್, ಬಾಯೀಂ ಖಿಡಕೀ, ರ್‍ಯಾಪಿಡ್ ಫಾಯರ್." ಹೊಡೆದೆ. ಎರಡು ಮೂರು ಗುಂಡಿನ ಬರ್ಸ್ಟ್, ಮತ್ತೆ ಬರ್ಸ್ಟ್. ಕಿಟಕಿ ಸುಮ್ಮನಾಯಿತು. ನಾಲಾದಿಂದ ನಮ್ಮವರು ಒಬ್ಬೊಬ್ಬರಾಗಿ ಮೇಲೆ ಹತ್ತುತ್ತಿರುವುದು ಬಲಗಣ್ಣಿನ ಅಂಚಿಗೆ ಕಾಣುತ್ತಿತ್ತು. ಮುಂದೆ ಕೊಯ್ದ ಮೆಕ್ಕೆಜೋಳದ ಹೊಲ, ಬರೀ ಕೂಳೆ. ಮರೆಗೆ ಒಂದು ಕಲ್ಲೂ ಇಲ್ಲ. ಬೋಲ್ಟ್ ಠಪ್ಪೆಂದಿತು. ಖಾಲಿ ಮ್ಯಾಗಜೀನ್ ಎದ್ದು ಹೋಯಿತು, ಹೊಸದು ಕೂರಲಿಲ್ಲ.

"ಉಸ್ತಾದ್, ಖತಮ್."

"ಬಾಕೀ?"

ಅವನು ಹೊಲದ ಕಡೆ ಕೈ ತೋರಿಸಿದ.

ನಮ್ಮ ಗನ್ ನಿಂತದ್ದು ನಮಗಿಂತ ಮುಂಚೆ ಢೋಕಿನವರಿಗೆ ಗೊತ್ತಾಯಿತು. ಎಕೆ ಶುರುವಾಯಿತು. ಹೊಲದಲ್ಲಿದ್ದವರು ಕೂಳೆಯ ನಡುವೆ ಬಿದ್ದುಕೊಂಡರು. ಯಾರು ಮಲಗಿದ್ದಾರೆ, ಯಾರಿಗೆ ತಾಗಿದೆ ತಿಳಿಯದು. ನಮ್ಮ ಜತೆಗಿದ್ದ ಟೂಐಸಿ ತಮ್ಮ ಎಸ್‌ಎಲ್‌ಆರ್‌ನಿಂದ ಒಂದೊಂದೇ ಗುಂಡು ಕಿಟಕಿಗೆ ಕಳಿಸುತ್ತ ಗಂಟಲು ಹರಿಯುವಂತೆ ಬೈಯುತ್ತಿದ್ದರು. ಯಾರನ್ನೋ ಗೊತ್ತಿಲ್ಲ. ನಾನು ಹುಡುಗನ ಪೌಚಿಗೆ ಕೈಹಾಕಿ ಅವನ ರೈಫಲಿನ ಮ್ಯಾಗಜೀನ್ ಕಿತ್ತುಕೊಂಡೆ. ಹೆಬ್ಬೆರಳಿನಿಂದ ಒಂದೊಂದೇ ಗುಂಡು ಜಾರಿಸಿ ನನ್ನ ಖಾಲಿ ಮ್ಯಾಗಜೀನಿಗೆ ಒತ್ತತೊಡಗಿದೆ. ಚಳಿಗೆ ಬೆರಳಿಗೆ ಸ್ಪರ್ಶವೇ ಇಲ್ಲ. ಸ್ಪ್ರಿಂಗ್ ಒತ್ತುತ್ತ ಒತ್ತುತ್ತ ಗಟ್ಟಿಯಾಗುತ್ತದೆ. ಒಂದು ಗುಂಡು ಜಾರಿ ಹುಲ್ಲಿಗೆ ಬಿತ್ತು, ಹುಡುಕುತ್ತ ಕೂತೆ, ಆಮೇಲೆ ಬುದ್ಧಿ ಬಂದು ಬಿಟ್ಟೆ. ಹುಡುಗ ಅಳುತ್ತಲೇ ಇನ್ನೊಂದು ಮ್ಯಾಗಜೀನ್ ತುಂಬುತ್ತಿದ್ದ. ಅರ್ಧ ತುಂಬಿದ್ದನ್ನೇ ನೆತ್ತಿಗೆ ಕೂರಿಸಿ ಹೊಡೆದೆ. ಕಿಟಕಿ ಮತ್ತೆ ಸುಮ್ಮನಾಯಿತು. ನಮ್ಮವರು ಎದ್ದರು. ಒಬ್ಬ ಏಳಲಿಲ್ಲ, ಗುಂಡು ತೊಡೆ ಹೊಕ್ಕಿತ್ತು. ಬದುಕಿಕೊಂಡ, ಈಗಲೂ ಕುಂಟುತ್ತಾನೆ.

ವರದಿಯಲ್ಲಿ "ಆಯುಧದ ದೋಷ" ಎಂದು ಬರೆದರು. ದೋಷ ಎಂದರೆ ಗನ್ನಿನದು, ಗನ್ ಎಂದರೆ ನನ್ನದು. ವಾಲಿಬಾಲಿನ ವಿಷಯ ಯಾವ ಸಾಲಿನಲ್ಲೂ ಇಲ್ಲ. ಸಾಹೇಬರು ಮುಂದೆ ಬಡ್ತಿ ಪಡೆದೇ ನಿವೃತ್ತರಾದರು. ಕೊಲ್ಹಾಪುರದ ಹುಡುಗನನ್ನು ನಾನು ದೂರುವುದಿಲ್ಲ. ಅವನಿಗೆ ಮ್ಯಾಗಜೀನ್ ಬದಲಿಸುವುದನ್ನು ಕಲಿಸಿದ್ದರು, ಇಸಿದುಕೊಳ್ಳುವುದನ್ನಲ್ಲ.

ಹುಡುಗರಿಗೆ ಹೇಳುವುದು ಇಷ್ಟೇ. ಸೆಕ್ಷನ್ ಎರಡಾಗುವ ಮುಂಚೆ ಯಾರ ಬಳಿ ಯಾರ ಗುಂಡು ಇದೆ ಎಂದು ಕೇಳಿ. ಸೀನಿಯರ್ ರೇಗಿದರೆ ರೇಗಲಿ. ನಂಬರ್ ಟೂ ಕೆಲಸ ಕೊಟ್ಟರೆ ಮುಖ ಸಣ್ಣದು ಮಾಡಬೇಡಿ. ಬ್ಯಾರಕಿನಲ್ಲಿ ಕಣ್ಣು ಕಟ್ಟಿಕೊಂಡು ಮ್ಯಾಗಜೀನ್ ತುಂಬುವುದನ್ನು ರೂಢಿಸಿಕೊಳ್ಳಿ. ಈಗ ಕಾಲ ಬದಲಾಗಿದೆ ಎನ್ನುತ್ತೀರಿ, ಒಪ್ಪುತ್ತೇನೆ. ಎಸ್‌ಎಲ್‌ಆರ್ ಹೋಗಿ ಇನ್ಸಾಸ್ ಬಂತು, ಅದರ ಹಿಂದೆ ಸಿಗ್ 716, ಎಕೆ-203. 2020ರಲ್ಲಿ ಇಸ್ರೇಲಿನಿಂದ 16,479 ನೆಗೆವ್ ಎಲ್‌ಎಂಜಿಗೆ ಒಪ್ಪಂದವಾಯಿತು, ಅದು ಬೆಲ್ಟಿನ ಗನ್. ರಜೆಗೆ ಬಂದಿದ್ದ ನನ್ನ ತಂಗಿಯ ಮಗ ಅದರ ಗುಣಗಾನ ಮಾಡುತ್ತಿದ್ದ. ಹೆಚ್ಚಿನ ಬೆಲ್ಟ್ ಯಾರು ಹೊರುತ್ತಾರೋ ಎಂದು ಕೇಳಿದೆ. "ಎಲ್ಲಾರೂ ಹೊರ್ತೀವಿ ಮಾಮಾ" ಎಂದ. ಯಾರು ಇಸಿದುಕೊಳ್ಳುತ್ತಾರೆ ಎಂದದ್ದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, ಯೂನಿಟ್ಟಿಗೆ ಹೋದ ಮೇಲೆ ಉಸ್ತಾದರನ್ನು ಕೇಳಿ ಫೋನ್ ಮಾಡುತ್ತೇನೆ ಎಂದಿದ್ದಾನೆ.